ಬೊಜ್ಜಿನ ಬೇರು: ಮನೆತನ, ಹಾರ್ಮೋನು ಮತ್ತು ನೂರು ವರ್ಷದ ವಾದ

‘ನಮ್ಮ ಮನೆತನದ ಮೈಕಟ್ಟೇ ಹೀಗೆ.’ ‘ಥೈರಾಯ್ಡ್ ಏನಾದ್ರೂ ಇರಬಹುದಾ ಡಾಕ್ಟ್ರೇ?’ ತೂಕ ಹೆಚ್ಚಾಯಿತೆಂದು ವೈದ್ಯರ ಎದುರು ಕುಳಿತ ನಡುವಯಸ್ಸಿನವರ ಬಾಯಿಂದ ಈ ಎರಡರಲ್ಲಿ ಒಂದು ಮಾತು ಬಂದೇ ಬರುತ್ತದೆ. ಎದುರಿನಿಂದ ಬರುವ ಉತ್ತರವೂ ಗೊತ್ತಿರುವುದೇ: ಬಾಯಿ ಕಟ್ಟಿ, ದಿನಾ ಒಂದು ಗಂಟೆ ನಡೀರಿ. ಕೇಳಿದವರು ತಲೆಯಾಡಿಸಿ ಎದ್ದುಬರುತ್ತಾರೆ. ತಾವು ಹೇಳಿದ್ದನ್ನು ನೆಪವೆಂದು ತಳ್ಳಿಹಾಕಿದರು ಎಂಬ ಕಹಿ ಮಾತ್ರ ಮನಸ್ಸಿನಲ್ಲಿ ಉಳಿಯುತ್ತದೆ. ಅದು ನೆಪವೋ ನಿಜವೋ ಎಂಬುದರ ಬಗ್ಗೆ ವೈದ್ಯವಿಜ್ಞಾನ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ತನ್ನೊಳಗೇ ವಾದ ಮಾಡುತ್ತ ಬಂದಿದೆ.

ಈ ವಾದ ನಮ್ಮ ಮನೆಬಾಗಿಲಿಗೂ ಬಂದಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015–16ರಲ್ಲಿ ಕರ್ನಾಟಕದ ವಯಸ್ಕರಲ್ಲಿ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 25 ದಾಟಿದವರು ಮಹಿಳೆಯರಲ್ಲಿ ಶೇ 23.3, ಪುರುಷರಲ್ಲಿ ಶೇ 22.1 ಇದ್ದರು. 2019–21ರ ಸಮೀಕ್ಷೆಯ ಹೊತ್ತಿಗೆ ಆ ಪ್ರಮಾಣ ಕ್ರಮವಾಗಿ ಶೇ 30.1 ಮತ್ತು ಶೇ 30.9 ಆಯಿತು. ನಾಲ್ಕೈದು ವರ್ಷದಲ್ಲಿ ಒಂದು ನಾಡಿನ ವಂಶವಾಹಿಗಳು ಬದಲಾಗುವುದಿಲ್ಲ. ಹಾಗಾಗಿ ಇಡೀ ರಾಜ್ಯದ ತೂಕ ಏರಿದ್ದೇಕೆ ಎಂಬುದಕ್ಕೆ ಊಟ, ದುಡಿಮೆ, ನಿದ್ದೆ, ಓಡಾಟಗಳಲ್ಲೇ ಉತ್ತರ ಹುಡುಕಬೇಕು. ಆದರೆ ಒಂದೇ ಬೀದಿಯಲ್ಲಿದ್ದು, ಒಂದೇ ಬಗೆಯ ಅಡುಗೆ ಉಂಡು, ಒಂದೇ ಕಚೇರಿಯಲ್ಲಿ ಕುಳಿತು ಕೆಲಸ ಮಾಡುವ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಮೈ ಬರುವುದೇಕೆ? ಇದು ಬೇರೆಯದೇ ಪ್ರಶ್ನೆ. ಬೊಜ್ಜಿನ ಬಗೆಗಿನ ಅರ್ಧಕ್ಕರ್ಧ ಜಗಳ ಈ ಎರಡು ಪ್ರಶ್ನೆಗಳನ್ನು ಒಂದೇ ಎಂದುಕೊಂಡಿದ್ದರಿಂದ ಹುಟ್ಟಿದೆ ಎಂಬುದು ನನ್ನ ಅಭಿಪ್ರಾಯ. ಉಳಿದರ್ಧ, ವಂಶ ಮತ್ತು ಹಾರ್ಮೋನುಗಳನ್ನು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕಾರಣಗಳೆಂದು ಎಣಿಸಿದ್ದರಿಂದ.

ದೋಷ ಗ್ರಂಥಿಯದೋ, ತಟ್ಟೆಯದೋ

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಥೈರಾಯ್ಡ್ ಗ್ರಂಥಿಯ ಸಾರ ಔಷಧವಾಗಿ ಬಂತು. ಗ್ರಂಥಿ ಸೊರಗಿದವರಿಗೆ ಅದು ಜೀವ ಕೊಟ್ಟಿತು. ಅದರ ಬೆನ್ನಲ್ಲೇ ಗ್ರಂಥಿ ಚೆನ್ನಾಗಿದ್ದ ದಪ್ಪ ಜನರಿಗೂ ಅದನ್ನು ತಿನ್ನಿಸಲಾಯಿತು. ತೂಕವೇನೋ ಇಳಿಯುತ್ತಿತ್ತು, ಜೊತೆಗೆ ಸ್ನಾಯುವೂ ಕರಗಿ ಎದೆಬಡಿತ ಏರುತ್ತಿತ್ತು. 1901ರಲ್ಲಿ ವಿಯೆನ್ನಾದ ಆಲ್ಫ್ರೆಡ್ ಫ್ರೋಲಿಷ್ ಪಿಟ್ಯುಟರಿ ಗ್ರಂಥಿಯ ಬಳಿ ಗಡ್ಡೆ ಬೆಳೆದು ಮೈ ಊದಿದ್ದ ಹುಡುಗನೊಬ್ಬನ ವಿವರ ಪ್ರಕಟಿಸಿದ. ಹಾರ್ವೆ ಕುಷಿಂಗ್ ತನ್ನ ಹೆಸರಿನಲ್ಲೇ ಈಗ ಕರೆಯುವ ಕಾಯಿಲೆಯನ್ನು 1912ರಲ್ಲಿ ಬಣ್ಣಿಸಿದ. ಆ ಕಾಲದ ಯುರೋಪಿಗೆ ಬೊಜ್ಜೆಂದರೆ ಗ್ರಂಥಿಯ ಕಾಯಿಲೆ ಎಂಬ ನಂಬಿಕೆ ಗಟ್ಟಿಯಾಗತೊಡಗಿತು. ಜರ್ಮನಿಯ ಗುಸ್ಟಾವ್ ಫಾನ್ ಬರ್ಗ್‌ಮನ್ ಮತ್ತು ವಿಯೆನ್ನಾದ ಜೂಲಿಯಸ್ ಬಾವರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೆಲವರ ಕೊಬ್ಬಿನ ಅಂಗಾಂಶವೇ ಆಹಾರವನ್ನು ತನ್ನತ್ತ ಸೆಳೆದುಕೊಳ್ಳುವ ಗುಣದ್ದು, ಅದು ವಂಶದಲ್ಲಿ ಬರುತ್ತದೆ ಎಂದರು.

ಇದಕ್ಕೆ ಎದುರೇಟು ಬಂದದ್ದು ಅಮೆರಿಕದಿಂದ. ಮಿಷಿಗನ್‌ನ ಲೂಯಿಸ್ ನ್ಯೂಬರ್ಗ್ 1930ರ ಸುಮಾರಿಗೆ ತನ್ನ ರೋಗಿಗಳ ಊಟವನ್ನು ಅಳೆದು ತೂಗಿ, ಹೊರಗಿನಿಂದ ಬಂದ ಶಕ್ತಿ ಖರ್ಚಾದದ್ದಕ್ಕಿಂತ ಹೆಚ್ಚಾದಾಗ ಮಾತ್ರ ಮೈ ಬರುತ್ತದೆ, ಗ್ರಂಥಿಯ ಕಥೆಯೆಲ್ಲ ಸಬೂಬು ಎಂದು ಸಾರಿದ. ಹಿಲ್ಡೆ ಬ್ರುಕ್ ನ್ಯೂಯಾರ್ಕಿನಲ್ಲಿ ದಪ್ಪ ಮಕ್ಕಳನ್ನು ಪರೀಕ್ಷಿಸಿದಾಗ ಅವರಲ್ಲಿ ಗ್ರಂಥಿದೋಷ ಸಿಗಲಿಲ್ಲ. ಆಕೆ ಮನೆಯ ವಾತಾವರಣದತ್ತ, ತಾಯಿ ಉಣಿಸುವ ರೀತಿಯತ್ತ ಗಮನ ತಿರುಗಿಸಿದಳು. ಎರಡನೆಯ ಮಹಾಯುದ್ಧದ ನಂತರ ಜರ್ಮನ್ ಭಾಷೆಯ ವೈದ್ಯಸಾಹಿತ್ಯ ಮರೆಗೆ ಸರಿದು ಅಮೆರಿಕದ ಮಾತೇ ಜಗತ್ತಿನ ಮಾತಾಯಿತು. ನ್ಯೂಬರ್ಗ್ ಅಳೆದದ್ದು ಸರಿಯಾಗಿಯೇ ಇತ್ತು. ಆದರೆ ಹೆಚ್ಚು ತಿಂದರು ಎನ್ನುವುದು ನಡೆದದ್ದರ ವರ್ಣನೆ. ಏಕೆ ಹೆಚ್ಚು ಹಸಿವಾಯಿತು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಆ ಜಾಗದಲ್ಲಿ ‘ಸೋಮಾರಿತನ’, ‘ನಾಲಿಗೆ ಚಪಲ’ ಎಂಬ ತೀರ್ಪುಗಳು ಬಂದು ಕೂತವು. ಅವು ಇಂದಿಗೂ ಎದ್ದು ಹೋಗಿಲ್ಲ.

ದತ್ತುಮಕ್ಕಳೂ ಅವಳಿಗಳೂ ಹೇಳಿದ್ದು

ದಪ್ಪ ತಂದೆತಾಯಿಗೆ ದಪ್ಪ ಮಕ್ಕಳಾಗುವುದನ್ನು ಎಲ್ಲರೂ ಕಂಡವರೇ. ಆದರೆ ಒಂದೇ ಮನೆಯಲ್ಲಿ ರಕ್ತವೂ ಒಂದೇ, ಅಡುಗೆಯೂ ಒಂದೇ. ಯಾವುದರ ಪಾಲು ಎಷ್ಟು? ಇದನ್ನು ಬಿಡಿಸಲು ಅಮೆರಿಕದ ಮನೋವೈದ್ಯ ಆಲ್ಬರ್ಟ್ ಸ್ಟಂಕರ್ಡ್ ಡೆನ್ಮಾರ್ಕಿನ ದತ್ತು ದಾಖಲೆಗಳನ್ನು ಹಿಡಿದ. 1986ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 540 ವಯಸ್ಕ ದತ್ತುಮಕ್ಕಳಿದ್ದರು. ಅವರ ಮೈತೂಕ ಹೆತ್ತವರ ತೂಕದೊಂದಿಗೆ ಸ್ಪಷ್ಟವಾಗಿ ಹೊಂದುತ್ತಿತ್ತು. ಸಾಕಿದವರ ತೂಕದೊಂದಿಗೆ ಯಾವ ಸಂಬಂಧವೂ ಕಾಣಲಿಲ್ಲ. ತಾಯಿಯ ಕೈತುತ್ತನ್ನೇ ದೂರುತ್ತಿದ್ದವರಿಗೆ ಇದು ದೊಡ್ಡ ಪೆಟ್ಟು. ನಾಲ್ಕು ವರ್ಷದ ನಂತರ ಅದೇ ಸ್ಟಂಕರ್ಡ್ ಸ್ವೀಡನ್ನಿನಲ್ಲಿ ಬೇರೆಬೇರೆ ಮನೆಗಳಲ್ಲಿ ಬೆಳೆದ ಅವಳಿಗಳನ್ನು ಪರೀಕ್ಷಿಸಿದಾಗಲೂ ಏಕರೂಪಿ ಅವಳಿಗಳ ಬಿಎಂಐ ಒಂದಕ್ಕೊಂದು ಬಹಳ ಹತ್ತಿರವಿತ್ತು.

ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಅತಿ ಸುಂದರ ಪ್ರಯೋಗ ಕ್ವಿಬೆಕ್‌ನ ಕ್ಲಾಡ್ ಬುಷಾರ್ ಮಾಡಿದ್ದು. ಹನ್ನೆರಡು ಜೋಡಿ ಏಕರೂಪಿ ಅವಳಿ ಯುವಕರನ್ನು ಒಂದು ವಸತಿಯಲ್ಲಿ ಇರಿಸಿಕೊಂಡ. ಓಡಾಟ ಮಿತ, ಕಾವಲು ಹಗಲಿರುಳು. ನೂರು ದಿನಗಳಲ್ಲಿ 84 ದಿನ, ಅವರವರ ಅಗತ್ಯಕ್ಕಿಂತ ದಿನಕ್ಕೆ 1,000 ಕ್ಯಾಲೊರಿ ಹೆಚ್ಚು ಉಣಿಸಿದ. ಎಲ್ಲರೂ ಹೆಚ್ಚುವರಿಯಾಗಿ ಉಂಡದ್ದು ಒಂದೇ ಅಳತೆ. ಲೆಕ್ಕ ಬರಿಯ ಕ್ಯಾಲೊರಿಯದ್ದಾಗಿದ್ದರೆ ಎಲ್ಲರೂ ಒಂದೇ ಸಮನೆ ದಪ್ಪವಾಗಬೇಕಿತ್ತು. ಒಬ್ಬನಿಗೆ ಏರಿದ್ದು 4.3 ಕೆ.ಜಿ., ಇನ್ನೊಬ್ಬನಿಗೆ 13.3 ಕೆ.ಜಿ. ಅಷ್ಟೇ ಅಲ್ಲ, ಅಣ್ಣನಿಗೆ ಎಷ್ಟು ಏರಿತೋ ತಮ್ಮನಿಗೂ ಹೆಚ್ಚುಕಡಿಮೆ ಅಷ್ಟೇ. ಕೊಬ್ಬು ಹೊಟ್ಟೆಯಲ್ಲಿ ಕೂರುವುದೋ ತೊಡೆಯಲ್ಲಿ ಕೂರುವುದೋ ಎಂಬುದರಲ್ಲೂ ಜೋಡಿಯವರಿಬ್ಬರಿಗೆ ಹೋಲಿಕೆ. ಜೋಡಿಯೊಳಗಿನ ವ್ಯತ್ಯಾಸಕ್ಕಿಂತ ಜೋಡಿಜೋಡಿಗಳ ನಡುವಿನ ವ್ಯತ್ಯಾಸ ಮೂರು ಪಟ್ಟು ಹೆಚ್ಚಿತ್ತು. ‘ಅವಳೂ ನನ್ನಷ್ಟೇ ತಿಂತಾಳೆ, ಅವಳಿಗೆ ಮೈ ಹತ್ತಲ್ಲ’ ಎಂಬ ಗೊಣಗಾಟದಲ್ಲಿ ನಿಜವಿದೆ ಎಂದು ಅಳತೆ ಮಾಡಿ ತೋರಿಸಿದ ಪ್ರಯೋಗವಿದು.

ಇಂಥ ಅಧ್ಯಯನಗಳೆಲ್ಲ ಸೇರಿ, ಜನರ ನಡುವಿನ ಬಿಎಂಐ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲು ಶೇ 40ರಿಂದ 70 ಎಂದು ಹೇಳುತ್ತವೆ. ಈ ಅಂಕಿಯನ್ನು ಜನ ತಪ್ಪಾಗಿ ಓದಿಕೊಳ್ಳುವುದೇ ಹೆಚ್ಚು. ಒಬ್ಬ ವ್ಯಕ್ತಿಯ ಬೊಜ್ಜಿನಲ್ಲಿ ಶೇ 70 ಭಾಗ ಅಪ್ಪ ಅಮ್ಮನಿಂದ ಬಂತು ಎಂದು ಇದರ ಅರ್ಥವಲ್ಲ. ಒಂದು ಕಾಲದ, ಒಂದು ಪರಿಸರದ ಜನರ ನಡುವಿನ ವ್ಯತ್ಯಾಸದ ಲೆಕ್ಕವಷ್ಟೇ ಅದು. ಪರಿಸರ ಬದಲಾದರೆ ಲೆಕ್ಕವೂ ಬದಲು. ಅಮೆರಿಕದ ಅರಿಜೋನಾದಲ್ಲಿರುವ ಪೀಮಾ ಬುಡಕಟ್ಟಿನವರನ್ನೂ, ಮೆಕ್ಸಿಕೊದ ಬೆಟ್ಟಗಳಲ್ಲಿ ಕೃಷಿ ಮಾಡಿಕೊಂಡಿರುವ ಅವರ ನೆಂಟರನ್ನೂ 1994ರಲ್ಲಿ ಹೋಲಿಸಿದರು. ಮೂಲ ಒಂದೇ. ಬೆಟ್ಟದವರು ಸರಾಸರಿ 26 ಕೆ.ಜಿ. ಹಗುರವಿದ್ದರು.

ಇಲಿ ತೋರಿದ ದಾರಿ

1949ರಲ್ಲಿ ಅಮೆರಿಕದ ಮೇಯ್ನ್ ರಾಜ್ಯದ ಜ್ಯಾಕ್ಸನ್ ಪ್ರಯೋಗಾಲಯದಲ್ಲಿ, ಎಷ್ಟು ತಿಂದರೂ ಸಾಲದ, ಉಂಡೆಯಂತೆ ಊದಿದ ಇಲಿಗಳ ಒಂದು ತಳಿ ತಾನಾಗಿಯೇ ಕಾಣಿಸಿಕೊಂಡಿತು. ಅಲ್ಲೇ ಡಗ್ಲಸ್ ಕೋಲ್ಮನ್ ಎಂಬ ಜೀವರಸಾಯನಶಾಸ್ತ್ರಜ್ಞ ಊದಿದ ಇಲಿಯ ರಕ್ತಸಂಚಾರವನ್ನು ಸಾಮಾನ್ಯ ಇಲಿಯದರೊಂದಿಗೆ ಶಸ್ತ್ರಕ್ರಿಯೆಯಿಂದ ಜೋಡಿಸಿದ. ಊದಿದ ಇಲಿ ತಿನ್ನುವುದನ್ನು ಕಡಿಮೆ ಮಾಡಿತು. ಅಂದರೆ ಸಾಮಾನ್ಯ ಇಲಿಯ ರಕ್ತದಲ್ಲಿ ‘ಸಾಕು’ ಎನ್ನುವ ಯಾವುದೋ ವಸ್ತು ಇದೆ, ಊದಿದ ಇಲಿಗೆ ಅದಿಲ್ಲ. ಆ ವಸ್ತು ಯಾವುದೆಂದು ತಿಳಿಯಲು 1994ರವರೆಗೆ ಕಾಯಬೇಕಾಯಿತು. ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಅದರ ವಂಶವಾಹಿಯನ್ನು ಪತ್ತೆಮಾಡಿ, ಹಾರ್ಮೋನಿಗೆ ಲೆಪ್ಟಿನ್ ಎಂದು ಹೆಸರಿಟ್ಟಿತು. ಅದನ್ನು ಸ್ರವಿಸುವುದು ಕೊಬ್ಬಿನ ಕೋಶಗಳೇ. ಬರಿಯ ಉಗ್ರಾಣವೆಂದುಕೊಂಡಿದ್ದ ಕೊಬ್ಬು, ಮಿದುಳಿನ ಹೈಪೋಥಲಾಮಸ್‌ಗೆ ದಿನವೂ ದಾಸ್ತಾನಿನ ವರದಿ ಕಳಿಸುವ ಗ್ರಂಥಿ ಎಂದು ಆಗ ತಿಳಿಯಿತು.

ಮನುಷ್ಯರಲ್ಲಿ? 1997ರಲ್ಲಿ ಕೇಂಬ್ರಿಜ್‌ನ ಸ್ಟೀಫನ್ ಒರಾಹಿಲಿ ಮತ್ತು ಸದಾಫ್ ಫರೂಖಿ ಅವರಿದ್ದ ತಂಡ, ಪಾಕಿಸ್ತಾನ ಮೂಲದ ಒಂದು ಕುಟುಂಬದ ಇಬ್ಬರು ಮಕ್ಕಳಲ್ಲಿ ಲೆಪ್ಟಿನ್ ಇಲ್ಲವೇ ಇಲ್ಲ ಎಂದು ತೋರಿಸಿತು. ರಕ್ತಸಂಬಂಧದೊಳಗೇ ಮದುವೆಗಳಾಗುತ್ತಿದ್ದ ಕುಟುಂಬ ಅದು. ಕೆಟ್ಟ ಪ್ರತಿ ತಂದೆಯಿಂದಲೂ ತಾಯಿಯಿಂದಲೂ ಬಂದಿತ್ತು. ಚಿಕಿತ್ಸೆಯ ಹೊತ್ತಿಗೆ ಅವರಲ್ಲಿ ದೊಡ್ಡ ಮಗುವಿಗೆ ಒಂಬತ್ತು ವರ್ಷ, ತೂಕ 94.4 ಕೆ.ಜಿ. ಹುಟ್ಟಿದಾಗ ತೂಕ ಸರಿಯಾಗಿಯೇ ಇತ್ತು. ಆಮೇಲೆ ತೀರದ ಹಸಿವು. ದಿನಕ್ಕೊಂದು ಲೆಪ್ಟಿನ್ ಚುಚ್ಚುಮದ್ದು ಶುರುವಾದ ಮೇಲೆ ಹಸಿವು ತಣಿಯಿತು, ವರ್ಷದಲ್ಲಿ 16 ಕೆ.ಜಿ.ಗೂ ಹೆಚ್ಚು ಇಳಿಯಿತು. ಆ ಮಗುವಿನ ‘ಇಚ್ಛಾಶಕ್ತಿ’ ಚುಚ್ಚುಮದ್ದಿನ ಮೊದಲೂ ಅದೇ, ಆಮೇಲೂ ಅದೇ. ಬದಲಾದದ್ದು ಒಂದು ಹಾರ್ಮೋನು. ವಂಶ ಮತ್ತು ಹಾರ್ಮೋನು ಬೇರೆಬೇರೆ ಎನ್ನುವವರಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ: ವಂಶವಾಹಿ ಕೆಟ್ಟಿತು, ಹಾರ್ಮೋನು ನಿಂತಿತು, ಹಸಿವು ಕೆರಳಿತು.

ಆದರೆ ಇಂಥ ಮಕ್ಕಳು ತೀರಾ ವಿರಳ. ಸಾಮಾನ್ಯ ಬೊಜ್ಜಿನವರಲ್ಲಿ ಲೆಪ್ಟಿನ್ ಕಡಿಮೆಯಿರುವುದಿರಲಿ, ಹೇರಳವಾಗಿಯೇ ಇರುತ್ತದೆ. ಮಿದುಳು ಅದಕ್ಕೆ ಕಿವಿಗೊಡುವುದಿಲ್ಲ ಅಷ್ಟೆ. ಕೋಟ್ಯಂತರ ಡಾಲರ್ ಕೊಟ್ಟು ಲೆಪ್ಟಿನ್ ಹಕ್ಕು ಕೊಂಡ ಔಷಧ ಕಂಪನಿಯ ಆಸೆ ಅಲ್ಲಿಗೆ ಬಾಡಿತು.

ಸಾವಿರ ಸಣ್ಣ ಎಳೆಗಳು

ಸಾಮಾನ್ಯ ಬೊಜ್ಜಿನ ಹಿಂದೆ ಒಂದು ವಂಶವಾಹಿ ಇಲ್ಲ, ನೂರಾರು ಇವೆ. ಮೊದಲು ಸಿಕ್ಕಿದ ದೊಡ್ಡದು 2007ರಲ್ಲಿ ಬಂದ ಎಫ್‌ಟಿಓ. ಅದರ ಅಪಾಯದ ಪ್ರತಿ ಎರಡೂ ಕಡೆಯಿಂದ ಬಂದವರು ಸರಾಸರಿ ಮೂರು ಕೆ.ಜಿ. ಹೆಚ್ಚು ತೂಗುತ್ತಾರೆ. ದೊಡ್ಡದೆನಿಸಿಕೊಂಡದ್ದರ ಪ್ರಭಾವವೇ ಇಷ್ಟು. 2018ರಲ್ಲಿ ಸುಮಾರು ಏಳು ಲಕ್ಷ ಜನರ ವಂಶವಾಹಿಗಳನ್ನು ಜಾಲಾಡಿ, ಬಿಎಂಐಗೆ ಸಂಬಂಧಿಸಿದ 900ಕ್ಕೂ ಹೆಚ್ಚು ಗುರುತುಗಳನ್ನು ಪಟ್ಟಿಮಾಡಿದರು. ಎಲ್ಲ ಸೇರಿ ವಿವರಿಸಿದ್ದು ವ್ಯತ್ಯಾಸದ ಶೇ 6 ಮಾತ್ರ. ಈ ಗುರುತುಗಳಲ್ಲಿ ಬಹುಪಾಲು ಕೆಲಸ ಮಾಡುವುದು ಮಿದುಳಿನಲ್ಲಿ, ಹಸಿವು ಮತ್ತು ತೃಪ್ತಿಯ ಹಾದಿಗಳಲ್ಲಿ ಎಂಬುದು ಅಂಕಿಗಿಂತ ಮುಖ್ಯವಾದ ಸಂಗತಿ.

ಇಂಥ ವಂಶವಾಹಿಗಳು ಉಳಿದುಬಂದದ್ದೇಕೆ? ಬರಗಾಲ ಬದುಕಿ ಉಳಿಯಲು ಕೊಬ್ಬು ಕೂಡಿಡುವ ಗುಣ ನೆರವಾಗಿರಬೇಕು ಎಂದು ತಳಿವಿಜ್ಞಾನಿ ಜೇಮ್ಸ್ ನೀಲ್ 1962ರಲ್ಲಿ ವಾದಿಸಿದ. ಹಾಗಿದ್ದರೆ ನಾವೆಲ್ಲರೂ ದಪ್ಪವಾಗಬೇಕಿತ್ತಲ್ಲ ಎಂದು ಜೀವವಿಜ್ಞಾನಿ ಜಾನ್ ಸ್ಪೀಕ್‌ಮನ್ ಮರುಪ್ರಶ್ನೆ ಹಾಕಿದ: ಬೇಟೆಯಾಡಿ ತಿನ್ನುವ ಮೃಗಗಳ ಭಯ ತಪ್ಪಿದ ಮೇಲೆ ದಪ್ಪಮೈಗೆ ಇದ್ದ ಅಡ್ಡಿ ಹೋಯಿತು, ವಂಶವಾಹಿಗಳು ಗುರಿಯಿಲ್ಲದೆ ಚದುರಿದವು ಎಂಬುದು ಅವನ ವಾದ. ಎರಡನ್ನೂ ಪರೀಕ್ಷಿಸಿ ತೀರ್ಮಾನಿಸುವುದು ಕಷ್ಟ.

ಥೈರಾಯ್ಡ್, ಪಿಸಿಓಎಸ್, ಮುಟ್ಟು ನಿಲ್ಲುವ ಕಾಲ

ನಮ್ಮಲ್ಲಿ ಎಲ್ಲರ ಬಾಯಲ್ಲಿರುವ ಥೈರಾಯ್ಡಿಗೆ ಬರೋಣ. ಗ್ರಂಥಿ ಸೊರಗಿದರೆ ತೂಕ ಏರುವುದು ನಿಜ. ಆದರೆ ಏರುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕೂವರೆ ಕೆ.ಜಿ., ಅದರಲ್ಲೂ ಬಹುಪಾಲು ಮೈಯಲ್ಲಿ ನಿಂತ ಉಪ್ಪು ಮತ್ತು ನೀರು. ಇಪ್ಪತ್ತು ಕೆ.ಜಿ. ಹೆಚ್ಚಿದ್ದರೆ ಅದರ ಹೊಣೆಯನ್ನು ಥೈರಾಯ್ಡಿಗೆ ಹೊರಿಸಲಾಗದು. ಇನ್ನೊಂದು ಮಾತು: ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನಾದ ಟಿಎಸ್‌ಎಚ್‌ನ ಮಟ್ಟವನ್ನು ಬೊಜ್ಜೇ ತುಸು ಮೇಲೇರಿಸುತ್ತದೆ. ಲ್ಯಾಬಿನ ಚೀಟಿಯಲ್ಲಿ ಆ ಅಂಕಿ ಸ್ವಲ್ಪ ಏರಿದ್ದು ಕಂಡೊಡನೆ ಕಾರಣ ಸಿಕ್ಕಿತೆಂದು ಮಾತ್ರೆ ಶುರುಮಾಡಿದರೆ, ಪರಿಣಾಮವನ್ನೇ ಕಾರಣವೆಂದು ಎಣಿಸಿದಂತಾಗುತ್ತದೆ.

ಅಂಡಾಶಯದ ತೊಂದರೆಯಾದ ಪಿಸಿಓಎಸ್ ಕಥೆ ಹೆಚ್ಚು ಸಿಕ್ಕುಸಿಕ್ಕು. 1935ರಲ್ಲಿ ಸ್ಟೈನ್ ಮತ್ತು ಲೆವೆಂಥಾಲ್ ಬಣ್ಣಿಸಿದ ಈ ತೊಂದರೆ ಅಕ್ಕತಂಗಿಯರಲ್ಲಿ, ತಾಯಿಮಕ್ಕಳಲ್ಲಿ ಸಾಲಾಗಿ ಕಾಣುತ್ತದೆ. ಇನ್ಸುಲಿನ್ ಕೆಲಸ ಮಂದವಾದಾಗ ದೇಹ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ, ಅದು ಅಂಡಾಶಯವನ್ನು ಕೆಣಕಿ ಪುರುಷ ಹಾರ್ಮೋನು ಹೆಚ್ಚಿಸುತ್ತದೆ, ಮುಟ್ಟು ಏರುಪೇರಾಗುತ್ತದೆ. ತೂಕ ಏರಿದಷ್ಟೂ ಇನ್ಸುಲಿನ್ ಇನ್ನೂ ಮಂದ. ಪಿಸಿಓಎಸ್‌ನಿಂದ ಬೊಜ್ಜೋ, ಬೊಜ್ಜಿನಿಂದ ಪಿಸಿಓಎಸ್ಸೋ ಎಂದರೆ ವಂಶವಾಹಿ ಆಧರಿಸಿದ ವಿಶ್ಲೇಷಣೆಗಳು ಎರಡನೆಯದರತ್ತ ಹೆಚ್ಚು ಬೆರಳು ತೋರುತ್ತವೆ. ಆದರೂ ತೆಳ್ಳಗಿರುವ ಹುಡುಗಿಯರಲ್ಲೂ ಅದು ಇದೆ. ‘ತೂಕ ಇಳಿಸಮ್ಮಾ, ಎಲ್ಲಾ ಸರಿಹೋಗುತ್ತೆ’ ಎಂದಷ್ಟೇ ಹೇಳಿ ಕಳಿಸುವುದು ಆ ಹುಡುಗಿಯರಿಗೆ ಮಾಡುವ ಅನ್ಯಾಯ.

ನಡುವಯಸ್ಸಿನಲ್ಲಿ ‘ಮೈಯ ಬಿಸಿ ಇಳಿಯಿತು, ಅದಕ್ಕೇ ದಪ್ಪ’ ಎಂಬ ನಂಬಿಕೆಗೆ 2021ರಲ್ಲಿ ಪೆಟ್ಟು ಬಿತ್ತು. ಹರ್ಮನ್ ಪಾಂಟ್ಸರ್ ಮತ್ತು ಸಂಗಡಿಗರು 29 ದೇಶಗಳ 6,400ಕ್ಕೂ ಹೆಚ್ಚು ಜನರ ಶಕ್ತಿವ್ಯಯವನ್ನು ಒಟ್ಟುಗೂಡಿಸಿ ನೋಡಿದಾಗ, ಮೈಗಾತ್ರ ಹೊಂದಿಸಿ ಲೆಕ್ಕಹಾಕಿದರೆ 20ರಿಂದ 60ರವರೆಗೆ ಅದು ಹೆಚ್ಚುಕಡಿಮೆ ಸ್ಥಿರ. ಮುಟ್ಟು ನಿಲ್ಲುವುದರಿಂದಲೂ ಶಕ್ತಿವ್ಯಯ ಕುಸಿಯುವುದು ಕಾಣಲಿಲ್ಲ. ಈಸ್ಟ್ರೋಜನ್ ಇಳಿದಾಗ ಬದಲಾಗುವುದು ಮುಖ್ಯವಾಗಿ ಕೊಬ್ಬಿನ ಜಾಗ: ತೊಡೆ, ನಿತಂಬದ ಬದಲು ಹೊಟ್ಟೆಯ ಸುತ್ತ.

ದೇಹವೇ ಸ್ಟಿರಾಯ್ಡ್ ಹಾರ್ಮೋನನ್ನು ಅತಿಯಾಗಿ ಸುರಿಸುವ ಕುಷಿಂಗ್ ಕಾಯಿಲೆ ವಿರಳ. ಆದರೆ ಹೊರಗಿನಿಂದ ಬರುವ ಸ್ಟಿರಾಯ್ಡ್ ವಿರಳವಲ್ಲ. ಕೀಲುನೋವಿಗೋ ಉಬ್ಬಸಕ್ಕೋ ತಿಂಗಳುಗಟ್ಟಲೆ ನುಂಗಿದ ಮಾತ್ರೆ, ಹೆಸರಿಲ್ಲದ ಪೊಟ್ಟಣದ ಪುಡಿ, ಕೆಲವು ಮನೋರೋಗದ ಔಷಧ, ಇನ್ಸುಲಿನ್ ಚುಚ್ಚುಮದ್ದು – ಇವೂ ತೂಕ ಏರಿಸುತ್ತವೆ. ಥೈರಾಯ್ಡ್ ಪರೀಕ್ಷೆಗೆ ಚೀಟಿ ಬರೆಯುವ ಮೊದಲು ಮನೆಯಲ್ಲಿರುವ ಔಷಧದ ಡಬ್ಬಿ ತರಿಸಿ ನೋಡುವುದು ಎಷ್ಟೋ ಮೇಲು.

ಇನ್ಸುಲಿನ್ ಪಕ್ಷ

ಬರ್ಗ್‌ಮನ್, ಬಾವರ್ ಅವರ ಹಳೆಯ ವಾದ ನಮ್ಮ ಕಾಲದಲ್ಲಿ ಅಮೆರಿಕದ ಪತ್ರಕರ್ತ ಗ್ಯಾರಿ ಟಾಬ್ಸ್, ವೈದ್ಯ ಡೇವಿಡ್ ಲಡ್ವಿಗ್ ಅವರ ಮೂಲಕ ಮರಳಿದೆ. ಅನ್ನ, ಮೈದಾ, ಸಕ್ಕರೆ ಇನ್ಸುಲಿನ್ ಏರಿಸುತ್ತವೆ. ಇನ್ಸುಲಿನ್ ಶಕ್ತಿಯನ್ನು ಕೊಬ್ಬಿನೊಳಗೆ ಬೀಗ ಹಾಕಿ ಇಡುತ್ತದೆ. ಉಳಿದ ದೇಹ ಹಸಿಯುತ್ತದೆ. ಅಂದರೆ ಹೆಚ್ಚು ತಿಂದು ದಪ್ಪವಾಗುವುದಲ್ಲ, ದಪ್ಪವಾಗುತ್ತಿರುವುದರಿಂದ ಹೆಚ್ಚು ತಿನ್ನುವುದು. ಮೂರು ಹೊತ್ತೂ ಅನ್ನ, ಇಡ್ಲಿ, ಉಪ್ಪಿಟ್ಟು ತಿನ್ನುವ ನಮಗೆ ಇದು ಆಕರ್ಷಕ ವಾದ.

ಪ್ರಯೋಗಗಳು ಅದಕ್ಕೆ ಅಷ್ಟಾಗಿ ಒತ್ತಾಸೆ ಕೊಟ್ಟಿಲ್ಲ. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಮೆರಿಕದ ಸಂಶೋಧಕ ಕೆವಿನ್ ಹಾಲ್ 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಎರಡೆರಡು ವಾರ ಎರಡು ಬಗೆಯ ಊಟ ಕೊಟ್ಟ. ಇನ್ಸುಲಿನ್ ಹೆಚ್ಚಿಸಿದ, ಕೊಬ್ಬು ಕಡಿಮೆಯಿದ್ದ ಸಸ್ಯಾಹಾರದಲ್ಲಿ ಅವರು ದಿನಕ್ಕೆ ಸುಮಾರು 690 ಕ್ಯಾಲೊರಿ ಕಡಿಮೆ ತಿಂದರು. ಎರಡು ವಾರ ಏತಕ್ಕೂ ಸಾಲದು ಎಂಬುದು ಲಡ್ವಿಗ್ ಅವರ ಆಕ್ಷೇಪ. ಸ್ಟ್ಯಾನ್‌ಫರ್ಡ್‌ನಲ್ಲಿ 609 ಜನರ ಮೇಲೆ ಒಂದು ವರ್ಷ ನಡೆದ, 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೊಬ್ಬು ಬಿಟ್ಟವರಿಗೂ ಪಿಷ್ಟ ಬಿಟ್ಟವರಿಗೂ ಐದಾರು ಕೆ.ಜಿ. ಸಮಸಮವಾಗಿ ಇಳಿಯಿತು. ವಂಶವಾಹಿಯಾಗಲಿ, ಆರಂಭದ ಇನ್ಸುಲಿನ್ ಸ್ರಾವವಾಗಲಿ ಯಾರಿಗೆ ಯಾವ ಪಥ್ಯ ಒಗ್ಗುತ್ತದೆಂದು ಮುಂದಾಗಿ ಹೇಳಲಿಲ್ಲ. ‘ನಿಮ್ಮ ಡಿಎನ್‌ಎಗೆ ತಕ್ಕ ಡಯೆಟ್’ ಎಂಬ ಜಾಹೀರಾತು ಕಂಡಾಗಲೆಲ್ಲ ಈ ಪ್ರಯೋಗ ನೆನಪಿಡಬೇಕು.

ತಾಯಿಯ ಗರ್ಭದಲ್ಲಿ

ಮನೆತನ ಎಂದರೆ ವಂಶವಾಹಿ ಮಾತ್ರವಲ್ಲ, ಒಂಬತ್ತು ತಿಂಗಳ ಗರ್ಭವೂ ಹೌದು. 1944–45ರ ಚಳಿಗಾಲದಲ್ಲಿ ನಾಜಿಗಳು ಆಹಾರ ತಡೆದಾಗ ಹಾಲೆಂಡಿನಲ್ಲಿ ಗರ್ಭಿಣಿಯರು ಉಪವಾಸ ಬಿದ್ದರು. ಆಗ ಗರ್ಭದಲ್ಲಿದ್ದ ಗಂಡುಮಕ್ಕಳು 19ನೆಯ ವಯಸ್ಸಿಗೆ ಸೈನ್ಯದ ತಪಾಸಣೆಗೆ ಬಂದಾಗ, ಗರ್ಭದ ಮೊದಲರ್ಧದಲ್ಲಿ ಬರ ಕಂಡವರಲ್ಲಿ ಬೊಜ್ಜು ಹೆಚ್ಚಿತ್ತು, ಕೊನೆಯ ತಿಂಗಳುಗಳಲ್ಲಿ ಕಂಡವರಲ್ಲಿ ಕಡಿಮೆಯಿತ್ತು. ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಇದೇ ದಾರಿಯಲ್ಲಿ, ಕಡಿಮೆ ತೂಕದ ಶಿಶುವಿಗೆ ಮುಂದೆ ಮಧುಮೇಹ, ಹೃದ್ರೋಗದ ಅಪಾಯ ಹೆಚ್ಚು ಎಂದು ವಾದಿಸಿದ.

ಈ ವಾದದ ಪರೀಕ್ಷೆ ನಡೆದ ಜಾಗಗಳಲ್ಲಿ ಮೈಸೂರೂ ಒಂದು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಅಂದರೆ ಊರವರು ಮಿಷನ್ ಆಸ್ಪತ್ರೆ ಎಂದು ಕರೆಯುವಲ್ಲಿ, 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದದ ದಾಖಲೆ ಜೋಪಾನವಾಗಿ ಉಳಿದಿತ್ತು. ಸೌತಾಂಪ್ಟನ್ನಿನ ಸಂಶೋಧಕರೊಂದಿಗೆ ಸೇರಿ ಅಲ್ಲಿ ಹುಟ್ಟಿದವರನ್ನು ನಡುವಯಸ್ಸಿನಲ್ಲಿ ಮತ್ತೆ ಹುಡುಕಿದರು. ಹೃದ್ರೋಗದ ವಿಷಯದಲ್ಲಿ ಬಾರ್ಕರ್ ಮಾತು ನಿಂತಿತು. ಮಧುಮೇಹದ ವಿಷಯದಲ್ಲಿ ಚಿತ್ರ ಬೇರೆಯಾಗಿತ್ತು: ಹುಟ್ಟುವಾಗ ಗಿಡ್ಡಗೆ ದುಂಡಗಿದ್ದವರಿಗೆ, ತಾಯಿ ಭಾರವಿದ್ದವರಿಗೆ ಅದು ಹೆಚ್ಚು. ತಾಯಿಗೇ ಗರ್ಭಕಾಲದಲ್ಲಿ ಸಕ್ಕರೆ ಏರಿತ್ತೇ? ಅದನ್ನು ತಿಳಿಯಲು 1997ರಲ್ಲಿ ಪಾರ್ಥೆನಾನ್ ಅಧ್ಯಯನ ಆರಂಭವಾಯಿತು. ಪರೀಕ್ಷಿಸಿದ ಗರ್ಭಿಣಿಯರಲ್ಲಿ ಶೇ 6.2ರಷ್ಟು ಜನರಿಗೆ ಗರ್ಭಾವಸ್ಥೆಯ ಮಧುಮೇಹವಿತ್ತು. ಅವರ ಮಕ್ಕಳು ಬೆಳೆದಂತೆ, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ, ಕೊಬ್ಬೂ ಇನ್ಸುಲಿನ್ನೂ ಉಳಿದವರಿಗಿಂತ ಹೆಚ್ಚಿತ್ತು. ಆ ಹೆಣ್ಣುಮಗು ತಾಯಾದಾಗ ಅವಳಿಗೂ ಸಕ್ಕರೆ ಏರಿದರೆ, ವಂಶವಾಹಿಯ ಹಂಗಿಲ್ಲದೆಯೂ ಬೊಜ್ಜು ಇನ್ನೊಂದು ತಲೆಮಾರಿಗೆ ದಾಟಬಲ್ಲದು.

ಪುಣೆಯ ಚಿತ್ತರಂಜನ್ ಯಾಜ್ಞಿಕ್ ಇದಕ್ಕೆ ಮತ್ತೊಂದು ಮುಖ ತೋರಿಸಿದರು. ಅಲ್ಲಿನ ಹಳ್ಳಿಗಳ ಶಿಶುಗಳು ಇಂಗ್ಲೆಂಡಿನ ಶಿಶುಗಳಿಗಿಂತ ಸುಮಾರು 800 ಗ್ರಾಂ ಹಗುರ, ಆದರೆ ಕಡಿಮೆಯಾದದ್ದು ಸ್ನಾಯು ಮತ್ತು ಅಂಗಾಂಗ. ಚರ್ಮದಡಿಯ ಕೊಬ್ಬು ಬಹುಪಾಲು ಉಳಿದಿತ್ತು. 2004ರಲ್ಲಿ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ತಮ್ಮದೇ ಫೋಟೊ ಪ್ರಕಟಿಸಿದರು. ಇಬ್ಬರ ಬಿಎಂಐಯೂ 22.3; ಮೈಕೊಬ್ಬು ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ನಮ್ಮಲ್ಲಿ ಬಿಎಂಐ 23ಕ್ಕೇ ಎಚ್ಚರಿಕೆ, ಸೊಂಟ ಪುರುಷರಿಗೆ 90, ಮಹಿಳೆಯರಿಗೆ 80 ಸೆಂ.ಮೀ. ದಾಟಬಾರದು ಎನ್ನುವುದಕ್ಕೆ ಹಿನ್ನೆಲೆ ಇದು.

ತೂಕ ಇಳಿದ ಮೇಲೆ

ಇಳಿಸುವುದಕ್ಕಿಂತ ಇಳಿದದ್ದನ್ನು ಉಳಿಸಿಕೊಳ್ಳುವುದು ಕಷ್ಟ. ಮೆಲ್ಬರ್ನ್‌ನಲ್ಲಿ ಹತ್ತು ವಾರದ ಕಠಿಣ ಪಥ್ಯ ಮಾಡಿ ತೂಕ ಇಳಿಸಿದವರ ರಕ್ತ ಪರೀಕ್ಷಿಸಿದಾಗ ಲೆಪ್ಟಿನ್ ಕುಸಿದಿತ್ತು, ಹಸಿವಿನ ಹಾರ್ಮೋನು ಗ್ರೆಲಿನ್ ಏರಿತ್ತು. ವರ್ಷ ಕಳೆದರೂ ಅವು ಹಳೆಯ ಮಟ್ಟಕ್ಕೆ ಬಂದಿರಲಿಲ್ಲ ಎಂದು 2011ರ ವರದಿ ಹೇಳಿತು. ಮತ್ತೆ ದಪ್ಪವಾದವರನ್ನು ಹಂಗಿಸುವವರು ಈ ರಕ್ತಪರೀಕ್ಷೆಯನ್ನು ಒಮ್ಮೆ ಓದಬೇಕು.

ಹಸಿವು ತಗ್ಗಿಸುವ ಕರುಳಿನ ಹಾರ್ಮೋನು ಜಿಎಲ್‌ಪಿ-1 ಅನ್ನು ಅನುಕರಿಸುವ ಔಷಧಗಳು ಈ ಹಿನ್ನೆಲೆಯಲ್ಲಿ ಬಂದವು. 2021ರ ಪ್ರಯೋಗದಲ್ಲಿ ಸೆಮಾಗ್ಲುಟೈಡ್ 68 ವಾರದಲ್ಲಿ ಮೈತೂಕದ ಸರಾಸರಿ ಶೇ 14.9 ಇಳಿಸಿತು, ಬರಿಯ ಸಲಹೆ ಮತ್ತು ಹುಸಿಮದ್ದು ಪಡೆದವರಿಗೆ ಇಳಿದದ್ದು ಶೇ 2.4. ಔಷಧ ನಿಲ್ಲಿಸಿದ ವರ್ಷದೊಳಗೆ ಇಳಿದದ್ದರ ಮೂರನೇ ಎರಡು ಭಾಗ ಮರಳಿತು. ತೂಕ ಇಳಿಸುವ ಮದ್ದಾಗಿ ಸೆಮಾಗ್ಲುಟೈಡ್, ಅದರ ಜೊತೆಗೆ ಟಿರ್ಜೆಪಟೈಡ್, 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಹಸಿವನ್ನು ಹಾರ್ಮೋನು ಆಳುತ್ತದೆ ಎಂಬುದಕ್ಕೆ ಇವು ಪ್ರಬಲ ಸಾಕ್ಷಿ. ಆದರೆ ಹಾರ್ಮೋನಿನ ಮದ್ದು ಕೆಲಸ ಮಾಡಿತೆಂದರೆ ಆ ಹಾರ್ಮೋನಿನ ಕೊರತೆಯೇ ಕಾಯಿಲೆಯ ಮೂಲವಾಗಿತ್ತು ಎಂದಾಗುವುದಿಲ್ಲ.

ಇತ್ಯರ್ಥವಾಗದೆ ಉಳಿದದ್ದು

ಅವಳಿಗಳ ಲೆಕ್ಕದಲ್ಲಿ ಶೇ 40ರಿಂದ 70 ಇರುವ ವಂಶದ ಪಾಲು, ಗುರುತಿಸಿದ ವಂಶವಾಹಿಗಳ ಲೆಕ್ಕದಲ್ಲಿ ಶೇ 6ಕ್ಕೆ ಬಂದು ನಿಲ್ಲುವುದೇಕೆ? ವಿರಳ ರೂಪಾಂತರಗಳು ಇನ್ನೂ ಅಡಗಿವೆ ಎನ್ನುವವರಿದ್ದಾರೆ. ಅವಳಿ ಅಧ್ಯಯನಗಳೇ ಲೆಕ್ಕ ಹಿಗ್ಗಿಸಿವೆ ಎನ್ನುವವರೂ ಇದ್ದಾರೆ. ಅಪಾಯ ಅಳೆಯುವ ಅಂಕಗಳನ್ನು ಬಹುಪಾಲು ಯುರೋಪ್ ಮೂಲದವರ ಮೇಲೆ ಕಟ್ಟಿರುವುದರಿಂದ ನಮ್ಮವರ ವಿಷಯದಲ್ಲಿ ಅವುಗಳ ಭರವಸೆ ಕಡಿಮೆ. ಗರ್ಭದಲ್ಲಿ ಬಿದ್ದ ಗುರುತು ಮೊಮ್ಮಕ್ಕಳಿಗೂ ದಾಟುತ್ತದೆ ಎಂಬುದು ಇಲಿಗಳಲ್ಲಿ ಕಂಡದ್ದು. ಮನುಷ್ಯರಲ್ಲಿ ಅದನ್ನು ಸಂಸಾರದ ಊಟೋಪಚಾರದಿಂದ ಬಿಡಿಸಿ ತೋರಿಸಲು ಆಗಿಲ್ಲ.

ದೇಹ ಒಂದು ತೂಕವನ್ನು ಹಟಹಿಡಿದು ಕಾಯುತ್ತದೆಯೇ, ಕಾಯುವುದಾದರೆ ಆ ಮಟ್ಟವನ್ನು ಇಳಿಸಬಹುದೇ ಎಂಬುದು ಇನ್ನೂ ವಾದದಲ್ಲಿದೆ. ಲೆಪ್ಟಿನ್ ಕಡಿಮೆಯಾದಾಗ ಮಿದುಳು ಗಾಬರಿಗೊಳ್ಳುವಷ್ಟು, ಹೆಚ್ಚಾದಾಗ ಎಚ್ಚರಗೊಳ್ಳದಿರುವುದರ ಕಾರಣವೂ ಬಗೆಹರಿದಿಲ್ಲ. ಬೊಜ್ಜನ್ನೇ ಕಾಯಿಲೆ ಎನ್ನಬೇಕೆ, ಅಂಗಾಂಗಕ್ಕೆ ತೊಂದರೆ ಕೊಟ್ಟಾಗ ಮಾತ್ರ ಹಾಗೆನ್ನಬೇಕೆ ಎಂದು 2025ರ ಲ್ಯಾನ್ಸೆಟ್ ಆಯೋಗ ಎರಡು ಬಗೆ ಮಾಡಿ ಹೇಳಿದರೂ ಎಲ್ಲ ವೈದ್ಯರೂ ಒಪ್ಪಿಲ್ಲ. ತಂದೆತಾಯಿ ಇಬ್ಬರಿಗೂ ಬೊಜ್ಜು, ಸಕ್ಕರೆ ಕಾಯಿಲೆ ಇರುವ, ತನಗಿನ್ನೂ ಬಿಎಂಐ 24 ದಾಟದ ಮೂವತ್ತರ ಯುವತಿಗೆ ಹೊಸ ಮದ್ದನ್ನು ಈಗಲೇ ಶುರುಮಾಡಬೇಕೇ, ಮಾಡಿದರೆ ಎಷ್ಟು ವರ್ಷ, ಗರ್ಭ ಧರಿಸುವ ಎಷ್ಟು ತಿಂಗಳು ಮೊದಲು ನಿಲ್ಲಿಸಬೇಕು, ನಿಲ್ಲಿಸಿದಾಗ ಮರಳುವ ತೂಕ ಆ ಗರ್ಭದ ಮೇಲೆ ಏನು ಮಾಡುತ್ತದೆ? ಮೈಸೂರಿನಂಥ ದೀರ್ಘಕಾಲದ ಅಧ್ಯಯನಗಳೇ ಇದಕ್ಕೆ ಉತ್ತರ ಕೊಡಬೇಕು. ಅದಕ್ಕೆ ಇನ್ನೊಂದು ತಲೆಮಾರು ಬೇಕಾದೀತು.